ಮೂರು ಪಾಲಾದ ಚೈನ್ ಟ್ರ್ಯಾಕ್ಟರ್

ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿ ಹೊಲ ಪಾಲಾಯಿತು, ಹಂಡೆ ಕೊಡಗಳು ಪಾಲಾದವು, ಕೊನೆಗೆ ಟ್ರ್ಯಾಕ್ಟರೂ ಪಾಲಾಯಿತು. ಟ್ರ್ಯಾಕ್ಟರ್ ಪಾಲಾಗುವುದೆಂದರೆ ಒಬ್ಬರು ಅದನ್ನು ಇಟ್ಟುಕೊಂಡು ಉಳಿದವರಿಗೆ ಬೇರೇನಾದರೂ ಕೊಡುವುದು ಎಂದು ಲೋಕ ತಿಳಿದಿದೆ. ನಾವು ಹಾಗೆ ಮಾಡಲಿಲ್ಲ. ಮಾರಲು ಒಬ್ಬರಿಗೂ ಮನಸ್ಸಿರಲಿಲ್ಲ, ಇನ್ನೊಬ್ಬರಿಗೆ ಬಿಟ್ಟುಕೊಡಲೂ ಮನಸ್ಸಿರಲಿಲ್ಲ. ಹಿರಿಯರು ಕೂತು ತೀರ್ಮಾನ ಮಾಡಿದರು, ಮಿಸ್ತ್ರಿ ಪಾನಾ ತಂದು ಬೋಲ್ಟು ಬಿಚ್ಚಿದ, ನಾವು ಮೂವರು ಮಕ್ಕಳು ಮೂರು ದಿಕ್ಕಿಗೆ ಹೊತ್ತುಕೊಂಡು ಹೋದೆವು. ಎಂಜಿನ್ ಔರಾದಿನ ಅಣ್ಣನಿಗೆ. ಚೈನುಗಳು ಭಾಲ್ಕಿ ಕಡೆಯ ಖಟಕ ಚಿಂಚೋಳಿಯಲ್ಲಿರುವ, ಎಲ್ಲರಿಗಿಂತ ಹಿರಿಯಳಾದ ಅಕ್ಕನಿಗೆ. ಉಳಿದ ಮೈ, ಸೀಟು, ಸೀಟಿನ ಮುಂದಿನ ಎರಡು ಉದ್ದ ಹಿಡಿಕೆಗಳು ಬೀದರಿನಲ್ಲಿ ದೊಡ್ಡ ಅಂಗಳ ಇರುವ ನನಗೆ.

ಅದು ಗಾಲಿಗಳ ಟ್ರ್ಯಾಕ್ಟರ್ ಅಲ್ಲ. ಎರಡೂ ಬದಿಗೆ ಕಬ್ಬಿಣದ ಪಟ್ಟಿಗಳ ಚೈನು ಸುತ್ತಿಕೊಂಡು ನೆಲವನ್ನು ತಬ್ಬಿಕೊಂಡೇ ಹೋಗುವಂಥದ್ದು. ಬೇರೆ ಟ್ರ್ಯಾಕ್ಟರುಗಳು ಹೂತು ಕೂತುಬಿಡುವ ಎರೆಮಣ್ಣಿನಲ್ಲೂ ಅದು ನಡೆಯುತ್ತಿತ್ತು. ಯಾವುದೋ ಹರಾಜಿನಲ್ಲಿ ಕೊಂಡುಕೊಂಡ ಅಪ್ಪ ಭಾಲ್ಕಿ, ಔರಾದ ಸೀಮೆಯಲ್ಲಿ ಕಂಡವರ ಹೊಲಗಳಿಗೆ ಒಡ್ಡು ಹಾಕಿ, ಮಟ್ಟ ಮಾಡಿ ನಮ್ಮನ್ನು ಸಾಕಿದರು. ನಾನು ಕಿರಿಯವಳು. ಬೀದರಿನ ಮಿಷನ್ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದೆ, ರಜೆಯಲ್ಲಿ ಮಾತ್ರ, ಅದೂ ಮನೆ ಮುಂದೆ ಸುಮ್ಮನೆ ನಿಂತಿದ್ದಾಗ, ಅದನ್ನು ನೋಡುತ್ತಿದ್ದೆ. ನೋಡಿದಾಗಲೆಲ್ಲ ನನ್ನದು ಒಂದೇ ಪ್ರಶ್ನೆ. ಇದಕ್ಕೆ ಸ್ಟೇರಿಂಗೇ ಇಲ್ಲವಲ್ಲ, ತಿರುಗುವುದು ಹೇಗೆ?

"ದೊಡ್ಡಾಕಿ ಆದ ಮ್ಯಾಲ ಹೇಳ್ತೇನಿ," ಎನ್ನುತ್ತಿದ್ದರು ಅಪ್ಪ.

ನಾನು ದೊಡ್ಡವಳಾದೆ, ನರ್ಸ್ ಆದೆ, ಮುದುಕಿಯೂ ಆಗುತ್ತಾ ಬಂದೆ. ಅವರು ಹೇಳದೆಯೇ ಹೋದರು. ಮುಚ್ಚಿದ್ದನ್ನು ತೆರೆದು ನೋಡುವ ಚಟ ನನಗೆ ಆಸ್ಪತ್ರೆಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಆಸ್ಪತ್ರೆಯಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತ್ತು, ಅಷ್ಟೆ. ನಿವೃತ್ತಿಯಾದ ಮೇಲೆ ನನ್ನ ಜೊತೆಯವರು ಗುಲಾಬಿ ಬೆಳೆಸಿದರು, ಮೊಮ್ಮಕ್ಕಳನ್ನು ಬೆಳೆಸಿದರು. ನಾನು ಅಂಗಳದಲ್ಲಿದ್ದ ಕಬ್ಬಿಣದ ಗುಡ್ಡೆಯ ಮೇಲಿನ ತಗಡು ಸರಿಸಿ ಪಾನಾ ಹಿಡಿದೆ. ಓಣಿಯವರು ಎರಡು ದಿನ ಬಂದು ನೋಡಿ, ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ, ತಮ್ಮ ಕೆಲಸಕ್ಕೆ ಹೋದರು. ಒಳ್ಳೆಯದೇ ಆಯಿತು.

ಬೀದರ ನಗರದ್ದು ಕೆಂಪು ನೆಲ. ಸೀಟಿನ ಕೆಳಗಿನ ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ಎತ್ತಿದಾಗ ಒಳಗಿಂದ ಉದುರಿದ್ದು ಕರಿಮಣ್ಣು. ಎಷ್ಟೋ ವರ್ಷದ ಹಿಂದೆ ಯಾರದೋ ಹೊಲದಿಂದ ಎದ್ದು ಬಂದ ಹೆಂಟೆಗಳು ಗ್ರೀಸಿನೊಂದಿಗೆ ಗಟ್ಟಿಯಾಗಿ ಅಲ್ಲೇ ಕೂತಿದ್ದವು. ಒಂದು ಮೂಲೆಯಲ್ಲಿ ಇಲಿಗಳು ಕೂಡಿಟ್ಟ ಜೋಳದ ತೆನೆಯ ಸಿಪ್ಪೆಯಿತ್ತು. ಅದನ್ನೆಲ್ಲ ಬಳಿದು ತೆಗೆದು ಟಾರ್ಚು ಬಿಟ್ಟು ನೋಡಿದೆ. ಬಲಕ್ಕೊಂದು, ಎಡಕ್ಕೊಂದು, ಎರಡು ದಪ್ಪ ಡ್ರಮ್ಮುಗಳು. ಎಡ ಹಿಡಿಕೆಯಿಂದ ಹೊರಟ ಸಲಾಕೆ ಎಡದ ಡ್ರಮ್ಮಿಗೆ, ಬಲದ್ದು ಬಲಕ್ಕೆ. ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದ ಮೇಲೆ ಹೊಳೆಯಿತು. ಎಡಕ್ಕೆ ತಿರುಗಬೇಕಾದರೆ ಎಡದ ಚೈನನ್ನು ತಡೆಯಬೇಕು. ಬಲದ್ದು ಓಡುತ್ತಲೇ ಇರುತ್ತದೆ, ಮೈ ತಾನಾಗಿ ಎಡಕ್ಕೆ ಹೊರಳುತ್ತದೆ. ಇಷ್ಟೇ ಗುಟ್ಟು. ಇಷ್ಟನ್ನು ಹೇಳಲು ಅಪ್ಪನಿಗೆ ಏನು ಕಷ್ಟವಾಗಿತ್ತು ಎಂದು ನನಗೆ ಸಿಟ್ಟೂ ಬಂತು, ನಗುವೂ ಬಂತು. ಆ ಡ್ರಮ್ಮುಗಳ ಒಳಗಿನ ತಟ್ಟೆಗಳು ಮಾತ್ರ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಡಪೆಟ್ಟಿಗೆ ಬಗ್ಗುವ ಪೈಕಿ ಅಲ್ಲ. ಡೀಸೆಲಿನಲ್ಲಿ ನೆನೆಸಿ, ತಟ್ಟಿ, ಮತ್ತೆ ನೆನೆಸಿ, ಒಂದೊಂದನ್ನೇ ಬಿಡಿಸಿದೆ.

ತಿರುಗುವ ಬಗೆ ತಿಳಿದಾಯಿತು. ತಿರುಗುವುದನ್ನು ನೋಡದೆ ಇರುವುದು ಇನ್ನು ಸಾಧ್ಯವಿರಲಿಲ್ಲ.

ಬಸ್ ಹತ್ತಿ ಔರಾದಿಗೆ ಹೋದೆ. ಅಣ್ಣ ಆ ಎಂಜಿನ್ನಿನಿಂದ ಮೊದಲು ಬಾವಿಯ ನೀರೆತ್ತಿ, ಆಮೇಲೆ ಹಿಟ್ಟಿನ ಗಿರಣಿ ನಡೆಸಿದ್ದ. ಕರೆಂಟಿನ ಮೋಟಾರು ಬಂದ ಮೇಲೆ ಅದು ಗೋಣಿಚೀಲ ಹೊದ್ದುಕೊಂಡು ಗಿರಣಿಯ ಮೂಲೆಯಲ್ಲಿ ಕೂತಿತ್ತು. ಅವನು ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ತೆಗೆಯಲಿಲ್ಲ.

"ಒಯ್ಯಿ," ಅಂದ. "ಆದ್ರ ತಯಾರಾದ ದಿವ್ಸ ಮೊದಲ ನಾ ಕುಂದ್ರತೇನಿ. ಮನಿಗಿ ಗಂಡಮಗ ನಾ ಒಬ್ಬನ. ಅಪ್ಪ ಇದ್ದಾಗ ಒಂದ್ ದಿವ್ಸ ಸುದ್ದ ನನ್ನ ಕೈಯಾಗ ಕೊಡಲಿಲ್ಲ."

"ಅದಕ್ಕೇನು, ನೀನೇ ಕುಂದ್ರು," ಎಂದೆ. ಎಂಜಿನ್ ಸಿಕ್ಕ ಖುಷಿಯಲ್ಲಿ ಏನು ಬೇಕಾದರೂ ಒಪ್ಪುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನುಳಿದದ್ದು ಅಕ್ಕನ ಚೈನು. ಅದಿಲ್ಲದೆ ಉಳಿದದ್ದೆಲ್ಲ ಬರೀ ಮೋಡ್ಕಾ, ಗುಜರಿಗೆ ಹಾಕುವ ಕಬ್ಬಿಣ.

ಪಾಲಿನ ದಿನ ಅಕ್ಕ ತಾನಾಗಿಯೇ ಚೈನು ಕೇಳಿದ್ದಳು. ಎಲ್ಲರಿಗೂ ಆಶ್ಚರ್ಯವಾಗಿತ್ತು. ಹೊಲಕ್ಕೆ ಹೋಗುವ ದಾರಿಯಲ್ಲಿ ನಾಲಾ ಇದೆ, ಅದರ ಮೇಲೆ ಹಾಸುತ್ತೇನೆ ಎಂದಿದ್ದಳು. ಹಾಸಿಯೂ ಇದ್ದಳು. ನಾನು ಖಟಕ ಚಿಂಚೋಳಿಗೆ ಹೋದಾಗ ಎರಡೂ ಚೈನುಗಳು ನಾಲೆಯ ಮೇಲೆ ದಿಮ್ಮಿಗಳ ಆಸರೆಯಲ್ಲಿ ಅಂಗಾತ ಬಿದ್ದಿದ್ದವು. ಅಕ್ಕ ತಲೆಯ ಮೇಲೆ ಮೇವು ಹೊತ್ತು ಅದನ್ನು ದಾಟಿ ಬಂದಳು.

"ಕೊಡಲ್ಲ," ಅಂದಳು, ನಾನು ಬಾಯಿ ತೆರೆಯುವ ಮೊದಲೇ. ನಾನು ಚೈನಿಗೆ ಬರುತ್ತಿದ್ದೇನೆ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ. "ನಾ ಹ್ಯಾಂಗ ದಾಟಬೇಕು?"

"ಸಿಮೆಂಟ್ ಪೈಪ್ ಹಾಕಸ್ತೇನಿ. ಬಂಡಿ ಸುದ್ದ ಹೋಗ್ತದ."

"ಪೈಪ್ ನಂಗ ಬ್ಯಾಡ."

ಚಹಾ ಕೊಟ್ಟಳು, ಉಂಡಿ ಕೊಟ್ಟಳು, ಚೈನು ಮಾತ್ರ ಇಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾರದೆ ನಾಲೆಯ ಹತ್ತಿರ ಹೋಗಿ ಚೈನಿನ ಪಟ್ಟಿಗಳನ್ನು ತಡವಿ ನೋಡಿದೆ. ಇಷ್ಟು ವರ್ಷ ಮಳೆ, ಕೆಸರು, ದನಗಳ ಸೆಗಣಿ. ಕೊಂಡಿಗಳು ತುಕ್ಕು ಹಿಡಿದು ಕಲ್ಲಾಗಿರಬೇಕಿತ್ತು. ಒಂದನ್ನು ಎತ್ತಿದರೆ ಪಕ್ಕದ್ದು ಸಲೀಸಾಗಿ ಮಡಿಚಿಕೊಂಡಿತು. ಬೆರಳಿಗೆ ಕಪ್ಪಗೆ ಜಿಡ್ಡು ಹತ್ತಿತು. ಮೂಸಿದೆ. ಗಾಡಿಯಿಂದ ಇಳಿಸಿದ ಹಳೆಯ ಆಯಿಲ್. ಎರಡು ಚೈನುಗಳ ಒಂದೊಂದು ಕೊಂಡಿಗೂ ಯಾರೋ ಆಯಿಲ್ ಕುಡಿಸುತ್ತಾ ಬಂದಿದ್ದರು. ದಾಟುವ ಸೇತುವೆಗೆ ಎಣ್ಣೆ ಹಾಕುವವರನ್ನು ನಾನು ಈವರೆಗೆ ಕಂಡಿರಲಿಲ್ಲ.

ಅಕ್ಕ ಹಿಂದೆ ಬಂದು ನಿಂತಿದ್ದಳು. ಕಪ್ಪಾದ ಬೆರಳನ್ನು ಅವಳ ಮುಂದೆ ಹಿಡಿದೆ.

"ಯಾಕ?" ಎಂದು ಕೇಳಿದೆ.

ಅವಳು ಚೈನಿನ ಮೇಲೆಯೇ ಕೂತಳು.

"ನೀ ಸಾಲಿಗಿ ಹೋದಾಕಿ. ನಿಂಗ ಗೊತ್ತಿಲ್ಲ," ಅಂದಳು. "ಅಪ್ಪಗ ಕಣ್ಣು ಮಂಜಾದ ಮ್ಯಾಲ ಮಷೀನ್ ಓಡಸಾಕಿ ನಾನ ಇದ್ದೆ. ಔರಾದ ಕಡಿ ಅರ್ಧಾ ಒಡ್ಡು ನಾ ಹಾಕಿದ್ದವ. ಜನಾ ದೂರದಿಂದ ನೋಡಿ ಅಪ್ಪನ ಅಂತ ತಿಳೀತಿದ್ರು. ತಲಿಗಿ ರುಮಾಲ ಸುತ್ತತಿದ್ದೆ."

ಜಗತ್ತಿನ ಡಬ್ಬಿಗಳನ್ನೆಲ್ಲ ತೆರೆದು ನೋಡುವವಳಿಗೆ ಮನೆಯದೇ ಒಂದು ಡಬ್ಬಿ ಕಂಡಿರಲಿಲ್ಲ.

"ಇವ್ರ ಮನ್ಯಾವ್ರು ನನ್ನ ನೋಡ್ಲಿಕ್ಕಿ ಬಂದ ದಿವ್ಸ ನಾ ಹೊಲದಾಗ ಅದರ ಮ್ಯಾಲ ಇದ್ದೆ. ಅಪ್ಪ ಓಡಿ ಬಂದು ಇಳಿ ಇಳಿ ಅಂತ ಕೈ ಬೀಸಿದ್ರು. ಸಾಲು ಮುಗದಿದ್ದಿಲ್ಲ. ಎಂಜಿನ್ ಬಂದ್ ಮಾಡ್ಲಿಕ್ಕಿ ಸುದ್ದ ಬಿಡಲಿಲ್ಲ, ರಟ್ಟಿ ಹಿಡದು ಇಳಸಿದ್ರು. ಕೈಕಾಲು ತೊಳಸಿ ಸೀರಿ ಉಡಸಿದ್ರು. ಮುಂದ ಎಂದೂ ಹತ್ತಗೊಡಲಿಲ್ಲ." ಚೈನಿನ ಒಂದು ಪಟ್ಟಿಯನ್ನು ಅಂಗೈಯಿಂದ ಸವರಿದಳು. "ಚೈನ್ ನನ್ನ ಹತ್ರ ಇದ್ರ ನಾ ಇಲ್ದ ಯಾರೂ ಓಡಸ್ಲಿಕ್ಕಿ ಆಗಲ್ಲ. ಅದಕ್ಕ ಕೇಳಿ ತೊಗೊಂಡೆ."

"ಹಂಗಾದ್ರ ನೀನ ಬಂದು ಓಡಸು."

"ಮೊದಲ ನಾನ ಓಡಸ್ಬೇಕು. ಮ್ಯಾಲ ಕುಂತಾಗ ಯಾರೂ ಇಳಿ ಅನಬಾರ್ದು. ಕಬೂಲ್ ಇದ್ರ ಒಯ್ಯಿ."

ಕಬೂಲ್ ಎಂದೆ. ಅಣ್ಣನ ಮಾತು ನೆನಪಾದದ್ದು ಬಸ್ಸು ಭಾಲ್ಕಿ ದಾಟಿದ ಮೇಲೆ. ಎರಡು ದೋಣಿಯ ಮೇಲೆ ಒಂದೊಂದು ಕಾಲಿಟ್ಟು ಬೀದರಿಗೆ ಬಂದು ಇಳಿದೆ.

ಅದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಚಹಾ ಕೊಡುವಾಗ ಅಕ್ಕನ ಬೆರಳುಗಳನ್ನು ನೋಡಿದ್ದೆ. ಗೆಣ್ಣುಗಳು ಗಂಟುಗಟ್ಟಿದ್ದವು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಹಿಡಿಕೆಗಳನ್ನು ಎಳೆಯಲು ನನಗೇ ಬಲ ಸಾಲುತ್ತಿರಲಿಲ್ಲ. ಇಷ್ಟು ವರ್ಷ ಕಾದು, ಎಣ್ಣೆ ಹಾಕಿ, ಕೊನೆಗೆ ಹತ್ತಿ ಕೂತು, ಹಿಡಿಕೆ ಎಳೆಯಲಾಗದೆ ಎಲ್ಲರ ಮುಂದೆ ಇಳಿದು ಬರುವಂತಾದರೆ? ವೆಲ್ಡಿಂಗಿನವನನ್ನು ಕರೆಸಿ ಎರಡೂ ಹಿಡಿಕೆಗಳಿಗೆ ಪೈಪು ಕೂಡಿಸಿ ಉದ್ದ ಮಾಡಿಸಿದೆ. ಉದ್ದವಾದಷ್ಟೂ ಕಡಿಮೆ ಬಲ ಸಾಕು. ತುದಿಗೆ ಹಳೆಯ ಸೀರೆಯ ಬಟ್ಟೆ ದಪ್ಪಗೆ ಸುತ್ತಿದೆ. ಯಾಕೆ ಎಂದು ಅವನು ಕೇಳಿದ. ಅಂದಕ್ಕೆ ಎಂದೆ.

ಖಟಕ ಚಿಂಚೋಳಿಯ ನಾಲೆಗೆ ಪೈಪು ಹಾಕಿಸಿ ಚೈನು ತರಿಸಿದೆ. ಔರಾದಿನಿಂದ ಎಂಜಿನ್ ಬಂತು, ಕ್ರೇನು ಅದನ್ನು ಇಳಿಸಿತು, ಮಿಸ್ತ್ರಿ ಕೂಡಿಸಿದ. ಚೈನು ಏರಿಸುವಾಗ ಕೊಂಡಿಗಳು ಹಲ್ಲಿನ ಗಾಲಿಯ ಮೇಲೆ ತಕರಾರಿಲ್ಲದೆ ಕೂತವು. ಇಷ್ಟು ಮೆದು ಚೈನು ನಾನು ನೋಡೇ ಇಲ್ಲ ಎಂದು ಮಿಸ್ತ್ರಿ ಮತ್ತೆ ಮತ್ತೆ ಹೇಳಿದ.

ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ಅಣ್ಣ, ಅಕ್ಕ ಇಬ್ಬರೂ ಬಂದರು. ಪಾಸ್ಟರು ಮಷೀನಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅವರು ಕಣ್ಣು ಮುಚ್ಚಿದ್ದಾಗಲೇ ಅಣ್ಣ ಜೇಬಿನಿಂದ ನಿಂಬೆಹಣ್ಣು ತೆಗೆದು ಚೈನಿನ ಮುಂದಿಟ್ಟ. ಊರಲ್ಲಿ ಎಲ್ಲರೂ ಇಡುತ್ತಾರೆ, ನಾವು ಇಡದಿದ್ದರೆ ಏನೆಂದುಕೊಂಡಾರು ಎಂಬುದು ಅವನ ವಾದ. ಪಾಸ್ಟರು ಕಣ್ಣು ತೆರೆದು ನಿಂಬೆಹಣ್ಣು ನೋಡಿ, ಆಕಾಶ ನೋಡಿದರು.

ಅಣ್ಣ ಹೊಸ ಅಂಗಿ ತೊಟ್ಟಿದ್ದ. ನಾನು ಬಾಯಿ ಬಿಡುವುದರೊಳಗೆ ಹತ್ತಿ ಕೂತ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ನೆಲವೇ ಬಾಯಿಬಿಡಬಾರದೇ ಅನಿಸಿತು. ಎಂಜಿನ್ ಹೊತ್ತಿಕೊಂಡಿತು, ಕರಿಹೊಗೆ ಎದ್ದಿತು, ಅಂಗಳದ ನೆಲ ಕಾಲ ಕೆಳಗೆ ನಡುಗಿತು. ಅಣ್ಣ ಬಟ್ಟೆ ಸುತ್ತಿದ ಹಿಡಿಕೆಗಳ ಮೇಲೆ ಕೈಯಿಟ್ಟು ಕೂತೇ ಇದ್ದ. ಆಮೇಲೆ ಆ ಬಟ್ಟೆಯನ್ನು ನೋಡಿದ, ಕೆಳಗೆ ಅಕ್ಕನ ಕೈಗಳನ್ನು ನೋಡಿದ. ಅಕ್ಕ ಮಷೀನು ಓಡಿಸುತ್ತಿದ್ದ ಕಾಲಕ್ಕೆ ಅವನು ಮನೆಯಲ್ಲೇ ಇದ್ದ ಹುಡುಗ. ಅವನಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗಲೇ.

"ಅಕ್ಕಾ," ಎಂದು ಕೂಗಿದ. "ಎಡಗಡಿ ಜರಾ ಬಿಗಿ ಅದ. ನೀ ನೋಡು."

ಇಳಿದು ಪಕ್ಕಕ್ಕೆ ನಿಂತ. ಎಡಗಡೆ ಬಿಗಿ ಇರಲಿಲ್ಲ. ಅವನು ಅದನ್ನು ಎಳೆದೇ ಇರಲಿಲ್ಲ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಮಷೀನು ಅಂಗಳ ದಾಟಿ ಮನೆ ಹಿಂದಿನ ಬಯಲಿಗೆ ಇಳಿಯಿತು, ನಿಂಬೆಹಣ್ಣು ಪಟ್ಟಿಗಳ ಸಂದಿಯಲ್ಲಿ ಮಣ್ಣಿನೊಳಗೆ ಹೂತುಹೋಯಿತು. ಬಯಲಿನ ಆಚೆ ಕಲ್ಲಿನ ಗೋಡೆ. ಅವಳು ನೇರ ಅದರ ಕಡೆಗೇ ಹೊರಟಳು. ಗೋಡೆ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಅಣ್ಣನ ಕೈ ಮೇಲೆದ್ದಿತು, ಇಳಿ ಎನ್ನಲು. ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

ಅಕ್ಕ ಎಡದ ಹಿಡಿಕೆಯನ್ನು ಎರಡೂ ಕೈಯಿಂದ ತಬ್ಬಿ ಹಿಂದಕ್ಕೆ ವಾಲಿದಳು. ಎಡದ ಚೈನು ನಿಂತಿತು. ಬಲದ್ದು ಕೆಂಪು ಮಣ್ಣು ಎಬ್ಬಿಸುತ್ತಾ ಓಡಿತು, ಆ ದೊಡ್ಡ ಮೈ ಗೋಡೆಯ ಮುಂದೆಯೇ ಹೊರಳಿ ನಮ್ಮ ಕಡೆ ಮುಖ ಮಾಡಿತು. ಕೊನೆಗೂ ನೋಡಿದೆ. ಮನಸ್ಸಿನಲ್ಲಿ ಊಹಿಸಿಕೊಂಡ ಹಾಗೆ ಇರಲಿಲ್ಲ, ಪೆಟ್ಟಿಗೆಯೊಳಗೆ ಟಾರ್ಚಿನಲ್ಲಿ ಕಂಡ ಹಾಗೂ ಇರಲಿಲ್ಲ. ಕಣ್ಣು ತುಂಬಿ ಬಂತು.

ಅವಳು ಬಯಲಿನ ಈ ತುದಿಯಿಂದ ಆ ತುದಿಗೆ ಸಾಲು ಹಿಡಿದು ಓಡಿಸಿದಳು. ಪಾಸ್ಟರು ಊಟಕ್ಕೆ ಹೋದರು, ಮಿಸ್ತ್ರಿ ಬೀಡಿ ಮುಗಿಸಿದ, ಅವಳು ಓಡಿಸುತ್ತಲೇ ಇದ್ದಳು. ಯಾರೂ ಇಳಿ ಅನ್ನಲಿಲ್ಲ. ಕೊನೆಯ ಸಾಲು ಮುಗಿಸಿ ನಮ್ಮ ಮುಂದೆ ತಂದು ನಿಲ್ಲಿಸಿದಳು. ಎಂಜಿನ್ ತಾನೇ ಬಂದ್ ಮಾಡಿದಳು. ಅಣ್ಣ ಆಸರೆಗೆಂದು ಚಾಚಿದ ಕೈಯನ್ನು ಹಿಡಿಯದೆ, ಮೊಣಕಾಲು ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಕೆಳಗೆ ಬಂದಳು.

"ಅವತ್ತ ಇಳಸಿದ್ರು," ಅಂದಳು. "ಇವತ್ತ ನಾನಾಗಿ ಇಳದೆ."

ಸೆರಗಿನಿಂದ ಸೀಟಿನ ಮೇಲಿನ ಧೂಳು ಒರೆಸಿದಳು.

"ಇನ್ನ ಯಾರ್ ಬೇಕಾದ್ರೂ ಹತ್ರಿ. ಕಲಸ್ತೇನಿ."

ಅಣ್ಣ ನನ್ನ ಮುಖ ನೋಡಿದ. ನಾನು ಆಗಲೇ ಚಪ್ಪಲಿ ಬಿಟ್ಟು ಹತ್ತುತ್ತಿದ್ದೆ.