ಗೌಡರ ಕೀಲೆಣ್ಣೆ

ಐವತ್ತರ ದಶಕದಲ್ಲಿ ರೇಷ್ಮೆಗೂಡು ಕೊಳ್ಳಲು ನನ್ನ ಹಳೇ ಕಾರಿನಲ್ಲಿ ತೆರಕಣಾಂಬಿಗೆ ಹೋಗಿಬರುತ್ತಿದ್ದೆ. ಮುಂದಿನ ಚಕ್ರದ ಬೇರಿಂಗು ಎಷ್ಟು ಸಲ ಬದಲಾಯಿಸಿದರೂ ಮತ್ತೆ ಹಾಳಾಗುತ್ತಿತ್ತು. ಒಂದು ಸಲವಂತೂ ಚಕ್ರವೇ ಕಳಚಿಕೊಳ್ಳುವುದರಲ್ಲಿತ್ತು. ಚಾಮರಾಜನಗರದ ಗಫಾರ್ ಮೇಸ್ತ್ರಿ ಬೇರಿಂಗು ಬಿಚ್ಚಿ ಮೂಸಿ ನೋಡಿದ.

"ಗ್ರೀಸ್ ಅಲ್ಲ ಸ್ವಾಮಿ, ಹರಳೆಣ್ಣೆ! ಹುಲ್ಲು ಸುಟ್ಟ ಮಸಿ ಬೇರೆ. ಎತ್ತಿನ ಗಾಡಿಗೆ ಹಾಕೋ ಕೀಲೆಣ್ಣೆ ಇದು. ಯಾರು ಹಾಕಿದ್ದು?"

ತೆರಕಣಾಂಬಿಯಲ್ಲಿ ನನಗೆ ಗೂಡು ಮಾರುವ ಗೌಡರ ನೆನಪಾಯಿತು; ಹೋದಾಗಲೆಲ್ಲ ಅವರ ಮನೆಯಲ್ಲೇ ನನ್ನ ಊಟ. ಹೋಗಿ ಕೇಳಿದರೆ ಅವರು ಹೆಮ್ಮೆಯಿಂದಲೇ ಒಪ್ಪಿಕೊಂಡರು.

"ನಾನೇ ಕಣ್ ಸಾಮಿ. ನೀವು ಉಣ್ಣಕ್ಕೆ ಕೂತಾಗ ಚಕ್ರದ ಮುಚ್ಚಳ ತಗ್ದು ಎಣ್ಣೆ ಬುಟ್ಟೆ. ಮನೆಗೆ ಬಂದೋರ ಎತ್ತಿಗೆ ಹುಲ್ಲು, ಗಾಡಿಗೆ ಕೀಲೆಣ್ಣೆ ಕೊಡ್ದೆ ಕಳ್ಸಕ್ಕಾದದಾ? ನಿಮಗೆ ಎತ್ತಿಲ್ಲ. ಅದುಕ್ಕೆ ಎಣ್ಣೆನೇ ಒಸಿ ಜಾಸ್ತಿ ಬುಟ್ಟೆ."

ಬೇಡವೆಂದರೆ ಅವರ ಮನೆಯ ಉಪಚಾರವನ್ನೇ ಬೇಡವೆಂದಂತೆ. ಹಾಗಾಗಿ ಬೇರಿಂಗು ಬದಲಾಯಿಸಿ, ಒಳ್ಳೆ ಗ್ರೀಸು ತುಂಬಿಸಿ, ಮುಂದಿನ ಸಲ ಕಾರನ್ನು ಊರಾಚೆ ನಿಲ್ಲಿಸಿ ನಡೆದೇ ಹೋದೆ.

ಉಂಡು ಹೊರಗೆ ಬಂದಾಗ ಜಗುಲಿಯ ಕೆಳಗೆ ನನ್ನ ಚಪ್ಪಲಿ ಕರ್ರಗೆ ಮಿರುಗುತ್ತಿತ್ತು.

"ನಡ್ಕಂಡು ಬರೋವಾಗ ಕಿರ್ರು ಕಿರ್ರು ಅಂತಿತ್ತು ಸಾಮಿ," ಅಂದರು ಗೌಡರು.

ಕಾರಿನವರೆಗೂ ಜಾರಿಕೊಂಡೇ ಹೋದೆ. ಸದ್ದು ಮಾತ್ರ ಬರಲಿಲ್ಲ.