ಸರ್ಕಾರಿ ಒಲೆ

ಅರ್ಧ ಎದ್ದ ನಮ್ಮ ಹೊಸ ಮನೆಯೊಳಗೆ ನಿಂತಿದ್ದೆ. ಹಸಿ ಸುಣ್ಣದ ವಾಸನೆ. ಗೋಡೆಗೆ ಅಂಗೈ ಒತ್ತಿದಾಗ ಜತ್ತದ ಸಾಹೇಬರು ನೆನಪಾದರು. ಅವರೂ ಹೀಗೇ ಒತ್ತುತ್ತಿದ್ದರು. ಬಲಗೈಯೋ ಎಡಗೈಯೋ ಎಂದು ಕೇಳಬೇಡಿ. ನನ್ನ ನೆನಪು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ.

ನಮ್ಮ ಜತ್ತ ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಹೊಸತು. ಜತ್ತದ ಹೊರಗೆ, ಹಳ್ಳದ ದಂಡೆಯಲ್ಲಿ, ಜೋಳದ ಕಣಿಕೆ ಮತ್ತು ಗೋಣಿತಟ್ಟಿನ ಗುಡಿಸಲುಗಳಿದ್ದವು. ಅವುಗಳ ಬದಲು ಮನೆ ಕಟ್ಟಿಸಲು ಪುಣೆಯ ಕಡೆಯ ಈ ಸಾಹೇಬರು ಬಂದರು. ಒಳ್ಳೆಯವರು. ಹಳ್ಳದ ಕಲ್ಲು, ಊರ ಮಣ್ಣು, ಇರುವವರದೇ ದುಡಿಮೆ. ಅಗ್ಗದ ಮನೆ, ಬೇಸಿಗೆಗೆ ತಂಪು, ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವಂಥದ್ದು. ಎಲ್ಲವನ್ನೂ ಯೋಚಿಸಿದ್ದರು, ಒಲೆಯೊಂದನ್ನು ಬಿಟ್ಟು. ಒಲೆಗೆ ಜಾಗವಿಲ್ಲ, ಹೊಗೆ ಹೋಗಲು ಮಾಳಿಗೆಯ ಮಣ್ಣಿನ ಸೂರಿನಲ್ಲಿ ಬೆಳಕಿಂಡಿಯೂ ಇಲ್ಲ.

ಅದನ್ನು ಮೊದಲು ಕಂಡವಳು ಇಮಾಂಬಿ. ಗುಡಿಸಲಲ್ಲಿ ಜೋಳದ ರೊಟ್ಟಿ ಬಡಿದು, ಮೋಟಾರು ನಿಲ್ಲುವಲ್ಲಿ ಮಾರಿ ಬದುಕುವ ಒಂಟಿ ಹೆಂಗಸು.

“ಸಾಹೇಬ್ರ, ಒಲಿ?”

ಮರಾಠಿಯಲ್ಲಿ ಓಲಿ ಎಂದರೆ ಹಸಿ. ಒಕಾರ ಓಕಾರಗಳ ಭೇದ ಪುಣೆಯ ಕಿವಿಗಿಲ್ಲ. ಸಾಹೇಬರು ಗೋಡೆ ಮುಟ್ಟಿ, ಒಣಗುತ್ತದೆ ಎಂಬರ್ಥದಲ್ಲಿ “ವಾಳೇಲ, ವಾಳೇಲ” ಎಂದರು.

“ಒಲಿ ಒಣಗತೈತಿ ಅಂತಾನಲ್ಲೋ ಈ ಮನಿಷ್ಯಾ?” ಎಂದು ಇಮಾಂಬಿ ಗೋಡೆ ಕಟ್ಟುತ್ತಿದ್ದ ಗೌಂಡಿ ಕಲ್ಲಪ್ಪನನ್ನು ಕೇಳಿದಳು.

“ಎಲ್ಲ್ಯೋ ಮಾಡಿ ಒಣಗಾಕ ಇಟ್ಟಾರ ಬೇ. ಸರ್ಕಾರಿ ಒಲಿ ಅಂದ್ರ ಲಗೂನ ಒಣಗ್ತಾವೇನ?”

ನಗಬೇಡಿ. ನಮಗೆಲ್ಲ ಎರಡೂ ಭಾಷೆ ಬರುತ್ತಿತ್ತು. ಅರ್ಥವಾಯಿತು ಎನಿಸಿದ ಮಾತನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಮಾಳಿಗೆಗೆ ಮಣ್ಣು ಬಿತ್ತು, ಒಲೆ ಬರಲಿಲ್ಲ. ಇಮಾಂಬಿ ಮತ್ತೆ ಹೋದಳು. “ಒಳಗ ಒಲಿ ಇಲ್ರಿ, ಸಾಹೇಬ್ರ.” ಅಷ್ಟರಲ್ಲಿ ಸಾಹೇಬರು ಕನ್ನಡದಲ್ಲಿ ‘ಇಲ್ಲ’ ಎಂಬುದೊಂದನ್ನು ಕಲಿತಿದ್ದರು. ಹಸಿ ಇಲ್ಲ! ಮುಖ ಅರಳಿತು. ನಾಳೆ ಬೆಳಿಗ್ಗೆ ಗುಡಿಸಲು ಕಿತ್ತವರಿಗೆ ಕೀಲಿ, ಕೀಳದವರ ಮನೆ ಬೇರೆಯವರಿಗೆ ಎಂದು ಅಲ್ಲೇ ಸಾರಿದರು.

ಕಿತ್ತರೆ ರೊಟ್ಟಿ ಹೋಯಿತು, ಬಿಟ್ಟರೆ ಮನೆ ಹೋಯಿತು. “ಇವನ ತಲಿ ಮ್ಯಾಲ ಬೇಯಸ್ಲೇನು?” ಎಂದು ಗೊಣಗುತ್ತ ಅವಳು ಬೆಳಿಗ್ಗೆ ಗುಡಿಸಲನ್ನಷ್ಟೇ ಕಿತ್ತಳು. ಒಲೆ ಬಯಲಲ್ಲಿ ಉಳಿಯಿತು. ಅದಕ್ಕೇ ಬೆಂಕಿ ಹಾಕಿ ರೊಟ್ಟಿಗೆ ಕೂತಳು. ಗಾಳಿ ಹಿಟ್ಟಿಗೆ ಬೂದಿ ತೂರುತ್ತಿತ್ತು. ಕೀಲಿ ಹಿಡಿದು ಬಂದ ಸಾಹೇಬರು, ಇದೇನು ಉಳಿಯಿತು ಎಂದು ಮರಾಠಿಯಲ್ಲಿ ಕೇಳಿದರು.

“ಒಲಿ,” ಎಂದಳು.

ಸಾಹೇಬರು ಬಗ್ಗಿ ಅಂಗೈ ಒತ್ತಿದರು.

“ಒಣಗೇತೇನ್ರಿ ಸಾಹೇಬ್ರ?” ಎಂದ ಕಲ್ಲಪ್ಪ.

ಅವರು ಸುಟ್ಟ ಕೈಯನ್ನು ಊದಿಕೊಂಡದ್ದನ್ನು ನಾನು ಕಂಡೆನೋ, ಕಲ್ಲಪ್ಪ ಹೇಳಿ ಹೇಳಿ ಕಾಣಿಸಿದನೋ, ಈಗ ಹೇಳಲಾರೆ. ಆದರೆ ಅದೇ ವಾರ ಎಲ್ಲ ಮಾಳಿಗೆಗಳಲ್ಲೂ ಬೆಳಕಿಂಡಿ ಕೊರೆದದ್ದು ನಿಜ. ಇಮಾಂಬಿಯ ಹೊಸ ಗೋಡೆ ಕಪ್ಪಾದದ್ದೂ ನಿಜ. ಅದಕ್ಕೆ ಬೆನ್ನು ಕೊಟ್ಟು ಕೂತು ನಾನು ರೊಟ್ಟಿ ತಿಂದಿದ್ದೇನೆ.

ನಮ್ಮ ಮನೆಯ ನಕ್ಷೆ ನಾನೇ ಬರೆದದ್ದು, ಯಾರನ್ನೂ ಕೇಳದೆ. ಅಡಿಗೆ ಎಲ್ಲಿ ಮಾಡುತ್ತೀ ಎಂದು ಹೆಂಡತಿಯನ್ನು ಕೇಳಲು ಈಗ ಹೊರಟಿದ್ದೇನೆ. ಉತ್ತರ ಏನೇ ಬರಲಿ, ಒಂದು ಗೋಡೆಯನ್ನಾದರೂ ಒಡೆಯಬೇಕಾಗುತ್ತದೆ.