ದೊಡ್ಡಮ್ಮ ಕುಡಿಯದ ದ್ರಾಕ್ಷಾರಸ

ಮೊನ್ನೆ ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಕಪ್ಪು ಒಣದ್ರಾಕ್ಷಿ ಬೇಯುವ ವಾಸನೆ ಬಂತು. ಕೆಮ್ಮಿಗೆ ಕಷಾಯವೋ ಏನೋ ಮಾಡುತ್ತಿದ್ದಿರಬೇಕು. ಒಂದಿಷ್ಟು ಸಿಹಿ, ಒಂದಿಷ್ಟು ಹುಳಿ, ತಳ ಹಿಡಿಯಿತೇನೋ ಅನ್ನಿಸುವ ಸಣ್ಣ ಕಮರು. ನಾನು ಅಲ್ಲೇ ನಿಂತುಬಿಟ್ಟೆ. ಗುಬ್ಬಿಯ ನಮ್ಮ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಹೊಸ್ತಿಲಿನಿಂದ ಹಿತ್ತಿಲವರೆಗೂ ಇದೇ ವಾಸನೆ ತುಂಬಿರುತ್ತಿತ್ತು. ಆ ಮನೆ ಈಗಿಲ್ಲ, ಕೆಡವಿ ಪಂಪ್‌ಸೆಟ್ ಅಂಗಡಿ ಕಟ್ಟಿದ್ದಾರೆ. ದ್ರಾಕ್ಷಿ ಬೇಯಿಸುತ್ತಿದ್ದ ದೊಡ್ಡಮ್ಮನೂ ಇಲ್ಲ. ನಿಮಗೂ ಹೀಗೆ ದಾರಿಯಲ್ಲಿ ಹಿಡಿದು ನಿಲ್ಲಿಸುವ ವಾಸನೆ ಒಂದಾದರೂ ಇದ್ದೇ ಇರುತ್ತದೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ಸಾರಮ್ಮ. ಅಮ್ಮ ನನ್ನನ್ನು ಎಳೆಗೂಸಾಗಿ ಬಿಟ್ಟು ತೀರಿಕೊಂಡ ಮೇಲೆ ಸಾಕಿದವರು ಅವರೇ. ಮದುವೆಯಾಗಲಿಲ್ಲ. ಹೊಲಿಗೆ ಮಿಷನ್ ತುಳಿದು ಅಜ್ಜಿಯನ್ನೂ ನನ್ನನ್ನೂ ನೋಡಿಕೊಂಡರು. ಚರ್ಚಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ. ಆ ರಸ ಅಜ್ಜಿಯ ಕಾಲದಿಂದಲೂ ನಮ್ಮ ಮನೆಯಿಂದಲೇ ಹೋಗಬೇಕು. ಶುಕ್ರವಾರ ದ್ರಾಕ್ಷಿ ನೆನೆಹಾಕಿ, ಶನಿವಾರ ಸಣ್ಣ ಉರಿಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುವುದು. ಆಗ ಮನೆಯಲ್ಲಿ ಜೋರಾಗಿ ಮಾತಾಡುವಂತಿರಲಿಲ್ಲ. ಸೋಸಿ ಉಳಿದ ಚರಟಕ್ಕೆ ಸಕ್ಕರೆ ಕಲಸಿ ನನ್ನ ಕೈಗೆ ಹಾಕುತ್ತಿದ್ದರು. ಮಾರನೆಯ ದಿನ ಸಭೆಯವರೆಲ್ಲ ಎದ್ದು ಹೋಗಿ ಮೊಣಕಾಲೂರಿ ಆ ರಸ ಕುಡಿಯುವಾಗ, ಅದನ್ನು ಕಾಸಿದ ದೊಡ್ಡಮ್ಮ ಮಾತ್ರ ಬೆಂಚಿನಲ್ಲೇ ತಲೆಬಗ್ಗಿಸಿ ಕೂತಿರುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಪಿಸುಪಿಸು ಶುರುವಾಗುತ್ತಿತ್ತು, "ಏನೋ ಮಾಡ್ಕೊಂಡವ್ಳೆ ಕಣೇ, ಇಲ್ದಿದ್ರೆ ಯಾಕ್ ಏಳಲ್ಲ?"

ಮಾಡಿಕೊಂಡಿದ್ದು ಇಷ್ಟೇ. ಅಜ್ಜಿ ತೀರಿಕೊಂಡಾಗ ನಾನು ಎರಡನೇ ಕ್ಲಾಸು. ಕುಣಿಗಲ್‌ಗೆ ಮದುವೆಯಾಗಿ ಹೋಗಿದ್ದ ಪ್ರೇಮ ಚಿಕ್ಕಮ್ಮ, ಮೂವರಲ್ಲಿ ಕೊನೆಯವರು, ಅಷ್ಟರಲ್ಲಿ ನಮ್ಮ ಚರ್ಚು ಬಿಟ್ಟು ಅಲ್ಲಿಯ ಒಂದು ಹೊಸ ಪ್ರಾರ್ಥನೆ ಸಭೆಗೆ ಸೇರಿದ್ದರು. ಆ ಸಭೆಯವರ ಪ್ರಕಾರ ಕೂಸಿನ ತಲೆಗೆ ನೀರು ಚಿಮುಕಿಸಿದರೆ ದೀಕ್ಷಾಸ್ನಾನವಲ್ಲ, ದೊಡ್ಡವರಾದ ಮೇಲೆ ನೀರಲ್ಲಿ ಮುಳುಗಿ ಏಳಬೇಕು. ಇರಲಿ, ಅವರವರ ನಂಬಿಕೆ. ಆದರೆ ಅಜ್ಜಿಯನ್ನು ಮಣ್ಣು ಮಾಡಿ ಬಂದು ಮನೆಯವರಷ್ಟೇ ಊಟಕ್ಕೆ ಕೂತಿದ್ದಾಗ ಚಿಕ್ಕಮ್ಮ ಬಾಯಿಬಿಟ್ಟರು, "ಅಮ್ಮಂಗೆ ಸರಿಯಾದ ದೀಕ್ಷಾಸ್ನಾನ ಆಗೇ ಇಲ್ಲ. ಪರಲೋಕದಲ್ಲವ್ಳೆ ಅಂತ ಸುಮ್ನೆ ಸಮಾಧಾನ ಮಾಡ್ಕೋಬೇಡಿ." ಅಯ್ಯೋ, ಆ ಹೊತ್ತಿನಲ್ಲಿ ಆಡುವ ಮಾತೇ ಅದು? ಅನ್ನ ಬಡಿಸುತ್ತಿದ್ದ ದೊಡ್ಡಮ್ಮ ಸೌಟನ್ನು ಕುಕ್ಕಿ, "ಎದ್ದೋಗು! ಇನ್ಮೇಲೆ ಈ ಹೊಸ್ತಿಲು ತುಳಿದ್ರೆ ನನ್ ಹೆಣ ನೋಡ್ತೀಯ" ಅಂದರು. ಚಿಕ್ಕಮ್ಮ ಎಂಜಲು ಕೈಯಲ್ಲೇ ಎದ್ದು ಹೋದರು.

ಮುಂದಿನ ಮೊದಲ ಭಾನುವಾರ ನಮ್ಮ ಪಾದ್ರಿ ಅಯ್ಯನವರು ಎಂದಿನಂತೆ, ಒಡಹುಟ್ಟಿದವರ ಜೊತೆ ಮುನಿಸಿದ್ದರೆ ಮೊದಲು ಹೋಗಿ ರಾಜಿಯಾಗಿ, ಆಮೇಲೆ ಕರ್ತನ ಮೇಜಿಗೆ ಬನ್ನಿ ಅಂದರು. ಎಲ್ಲರೂ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದ ಮಾತು. ದೊಡ್ಡಮ್ಮ ಅದನ್ನು ಕೇಳಿಸಿಕೊಂಡುಬಿಟ್ಟರು. ಅವತ್ತಿನಿಂದ ಅವರು ಮೇಜಿನ ಹತ್ತಿರ ಹೋಗಲಿಲ್ಲ. ಕಾರಣವನ್ನು ಅಯ್ಯನವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ಹೇಳಿದರೆ ತಂಗಿಯ ಮಾನ ಹೋಗುತ್ತದಲ್ಲ. ಜನ ತಮ್ಮನ್ನು ಆಡಿಕೊಳ್ಳಲಿ ಅಂತ ಬಿಟ್ಟುಕೊಟ್ಟರು. ಒಮ್ಮೆ ಸಭಾ ಹಿರಿಯರೊಬ್ಬರ ಹೆಂಡತಿ ಮನೆಗೇ ಬಂದು, "ನೀವೇ ತಗೊಳ್ದಿರೋ ರಸಾನ ನಮಗ್ಯಾಕ್ ಕುಡಿಸ್ತೀರಿ ಸಾರಮ್ಮೋರೇ?" ಅಂತ ಕೇಳಿದರು. ನಾನು ಮೂಲೆಯಲ್ಲಿ ಹಲ್ಲು ಕಚ್ಚಿದೆ. ದೊಡ್ಡಮ್ಮ, "ಬೇಡ ಅಂದ್ರೆ ಬಿಟ್ಬುಡ್ತೀನಿ ಅಮ್ಮಾ, ಕಾಫಿ ಕುಡೀರಿ" ಅಂದರು. ಅಯ್ಯನವರು ಬಿಡಗೊಡಲಿಲ್ಲ.

ರಜಾ ಬಂದಾಗಲೆಲ್ಲ ನಾವಿಬ್ಬರೂ ತುಮಕೂರಿನಲ್ಲಿ ಬಸ್ಸು ಬದಲಿಸಿ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗುತ್ತಿದ್ದೆವು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೆಲ ನೋಡಿಕೊಂಡು, "ಅವ್ಳು ಪ್ರಾರ್ಥನೇಲವ್ಳೆ ಅತ್ಗೆ" ಅನ್ನುತ್ತಿದ್ದರು. ಒಳಗಿಂದ ಚಿಕ್ಕಮ್ಮ ಹಾಡುವುದು ಕೇಳುತ್ತಿತ್ತು. ನಾವು ಬಂದದ್ದು ಗೊತ್ತಾದ ಮೇಲೆ ಸ್ವರ ಇನ್ನಷ್ಟು ಏರುತ್ತಿತ್ತು. ಜಗಲಿಯಲ್ಲಿ ಬಿಸಿಲು ಹತ್ತುವವರೆಗೂ ಕೂತು, ಚಿಕ್ಕಪ್ಪ ಕೊಟ್ಟ ನೀರು ಕುಡಿದು ವಾಪಸು ಬರುವುದು. ಒಂದು ಸಲ ಬಸ್ಸಿನಲ್ಲಿ ನನಗೆ ರೇಗಿಹೋಯಿತು. "ತಪ್ಪು ಅವ್ರದು, ನೀನ್ಯಾಕ್ ದೊಡ್ಡಮ್ಮ ಹಿಂಗೆ ಅಲೀತೀಯ?" ಅಂದೆ. ದೊಡ್ಡಮ್ಮ ಸೆರಗಿನಲ್ಲಿ ನನ್ನ ಮುಖದ ಬೆವರು ಒರೆಸುತ್ತಾ, "ಬರ್ಬೇಡ ಅಂದೋಳು ನಾನು ಕಣೇ. ಬಾ ಅನ್ಬೇಕಾದೋಳೂ ನಾನೇ ಅಲ್ವಾ? ಬುಡು, ಒಂದಿನ ಆಚೆ ಬರ್ತಾಳೆ" ಅಂದರು. ಅವರ ತಾಳ್ಮೆ ಕಂಡರೆ ನನಗೆ ಆಗ ಸಿಟ್ಟೇ ಬರುತ್ತಿತ್ತು. ಈಗಲೂ ಒಂದೊಂದು ಸಲ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಓದಿ, ತುಮಕೂರಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಮಕ್ಕಳಾದವು. ದೊಡ್ಡಮ್ಮ ರಸ ಕಾಸುವುದೂ, ಬೆಂಚಿನಲ್ಲಿ ಕೂರುವುದೂ, ಕುಣಿಗಲ್ ಬಸ್ಸು ಹತ್ತುವುದೂ ನಡೆದೇ ಇತ್ತು. ಒಂದು ಶನಿವಾರ ದ್ರಾಕ್ಷಿ ಒಲೆಯ ಮೇಲಿರುವುದನ್ನೇ ಮರೆತು ಪಾತ್ರೆ ಸುಟ್ಟು ಕರಕಲಾಯಿತು. ಆಮೇಲೆ ಒಂದೊಂದೇ ಮರೆಯತೊಡಗಿದರು. ಅವರನ್ನು ನನ್ನ ಮನೆಗೆ ಕರೆತಂದೆ, ಗುಬ್ಬಿಯ ಮನೆ ಮಾರಿದೆವು. ಚಿಕ್ಕಮ್ಮನಿಗೆ ಫೋನ್ ಮಾಡಿ, "ನಿಮ್ಮಕ್ಕ ದಿನಾ ನಿಮ್ಮನ್ನೇ ಕೇಳ್ತಾರೆ, ಬಂದೋಗಿ" ಅಂದೆ. "ನೋಡಾಣ" ಅಂದರು. ಆ ನೋಡೋಣದಲ್ಲೇ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಅವರ ಸಭೆಯೇ ಜಗಳವಾಡಿ ಎರಡಾಯಿತಂತೆ. ಎರಡೂ ಕಡೆ ಹೋಗಲು ಮನಸ್ಸಾಗದೆ ಭಾನುವಾರವೂ ಮನೆಯಲ್ಲೇ ಕೂತಿರುತ್ತಿದ್ದರಂತೆ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದರು. ತಲೆ ಪೂರ್ತಿ ನರೆತಿತ್ತು, ಮೈ ಊದಿಕೊಂಡಿತ್ತು. ಮಂಚದ ಪಕ್ಕ ಕೂತು ದೊಡ್ಡಮ್ಮನ ಕೈ ಹಿಡಿದುಕೊಂಡು ಗಳಗಳ ಅತ್ತರು. "ಅಮ್ಮನ್ ವಿಷ್ಯದಲ್ಲಿ ನಾನ್ ಹಂಗ್ ಅನ್ಬಾರ್ದಾಗಿತ್ತು ಅಕ್ಕ. ನನ್ನ ಕ್ಷಮಿಸ್ಬುಡು."

ದೊಡ್ಡಮ್ಮ ಅವರನ್ನೇ ಕನಿಕರದಿಂದ ನೋಡಿದರು. "ನನ್ಗ್ಯಾಕಮ್ಮ ಹೇಳ್ತೀಯ? ಹೋಗಿ ನಿಮ್ಮಕ್ಕಂಗೇ ಹೇಳು. ಪಾಪ, ಕಾಯ್ತಿರ್ತಾಳೆ."

ಚಿಕ್ಕಮ್ಮ ಕುಣಿಗಲ್‌ಗೆ ವಾಪಸು ಹೋಗಲಿಲ್ಲ. ಉಳಿದುಕೊಂಡು ಅಕ್ಕನಿಗೆ ಸ್ನಾನ ಮಾಡಿಸಿದರು, ಮುದ್ದೆ ಹಿಸುಕಿ ತಿನ್ನಿಸಿದರು. "ಯಾರ ಮಗಳೋ, ಒಳ್ಳೇ ಹೆಣ್ಣು" ಅಂತ ದೊಡ್ಡಮ್ಮ ನನ್ನ ಹತ್ತಿರ ಹೊಗಳುತ್ತಿದ್ದರು. ಕೊನೆಯ ವಾರ ಅಯ್ಯನವರು ಮನೆಗೇ ರೊಟ್ಟಿ, ರಸ ತಂದರು. ಚಿಕ್ಕಮ್ಮ ಅಕ್ಕನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ಎದೆಗೊರಗಿಸಿಕೊಂಡು ಕೂರಿಸಿದರು. ಅಯ್ಯನವರು ಬಟ್ಟಲನ್ನು ತುಟಿಯ ಹತ್ತಿರ ಹಿಡಿದಾಗ ದೊಡ್ಡಮ್ಮ ಮೆಲ್ಲಗೆ ಮುಖ ತಿರುಗಿಸಿದರು. "ಒಂಚೂರು ತಡೀರಿ ಅಯ್ನೋರೇ. ನನ್ ತಂಗಿ ಕುಣಿಗಲ್ಲಿಂದ ಬರ್ಬೇಕು. ಬಂದ್ಮೇಲೆ ಇಬ್ರೂ ತಗೋತೀವಿ." ಚಿಕ್ಕಮ್ಮ ಬಗ್ಗಿ, "ನಾನೇ ಕಣಕ್ಕ, ಪ್ರೇಮ, ಬಂದಿದೀನಿ ನೋಡು" ಅಂದರು. ದೊಡ್ಡಮ್ಮ ಅವರ ತೋಳನ್ನು ತಟ್ಟಿ, ಸಂಕೋಚದಿಂದಲೇ ಹೇಳಿದರು, "ಸ್ವಲ್ಪ ಪಕ್ಕಕ್ ಸರ್ಕೋಳಮ್ಮ. ಬಾಗ್ಲು ಕಾಣ್ಸಲ್ಲ."

ಚಿಕ್ಕಮ್ಮ ಸರಿದು ಕೂತರು.